ಏಳನೇ ಪಾಠದ ಸುಳ್ಳು

ನಮ್ಮ ಮನೆಯ ಹಿಂಬಾಗಿಲಿಗೆ ಮೂರು ಚಿಲಕಗಳಿವೆ. ಕಳ್ಳರಿಗೆ ಹೆದರಿ ಹಾಕಿಸಿದ್ದಲ್ಲ. ನಮ್ಮ ಮನೆಯಲ್ಲಿ ಕದಿಯುವಂಥದ್ದು ಅಂದರೆ ನನ್ನ ಹೊಲಿಗೆ ಯಂತ್ರ ಒಂದೇ, ಅದನ್ನು ಎತ್ತಿಕೊಂಡು ಓಡುವವನ ಸೊಂಟ ಮುರಿದೀತು. ಚಿಲಕ ಹಾಕಿಸಿದ್ದು ವಾಸನೆಗೆ. ಬಾಗಿಲಿನಾಚೆ ಒಂದಿಷ್ಟು ಹಿತ್ತಿಲು, ಅದರಾಚೆ ದೊಡ್ಡ ಚರಂಡಿ. ಬಾಗಿಲಿನ ಸಂದಿಗಳಿಗೆ ಹೊಲಿಗೆಯಲ್ಲಿ ಉಳಿದ ಬಟ್ಟೆಚೂರು ತುರುಕಿ, ಚಿಲಕ ಬಿಗಿದು, ಆ ಕಡೆಗೆ ಬೆನ್ನು ಮಾಡಿ ಬದುಕುವುದನ್ನು ನಮ್ಮ ಬೀದಿಯವರೆಲ್ಲ ಕಲಿತಿದ್ದೆವು. ಕಲಿಯದೆ ಹೋದವರು ನಮ್ಮ ಅತ್ತಿಗೆ ಒಬ್ಬರೇ.

ಈ ಕಥೆ ಅವರದ್ದು. ಹೇಳುತ್ತಿರುವವಳು ನಾನು, ಅವರ ನಾದಿನಿ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮಣ್ಣ ಆಗಾಗ ಹೇಳುತ್ತಾನೆ. ಆ ಮೂಗಿಗೆ ಇಷ್ಟು ವರ್ಷ ಏನು ಸಿಕ್ಕಿತು ಎಂಬುದನ್ನೂ ಅವನು ಸ್ವಲ್ಪ ನೆನೆಸಿಕೊಂಡರೆ ಒಳ್ಳೆಯದು. ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಬರುತ್ತಾನೆ. ಊರೆಲ್ಲ ಅವನಿಗೆ ಬಹುವಚನ ಕೊಡುತ್ತದೆ. ನಾನು ಕೊಡುವುದಿಲ್ಲ.

ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದಾಗ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಹೇಳಿಕೊಡಲು ಹೊಸದಾಗಿ ಸೇರಿದ್ದರು. ಬಂದ ಮೊದಲ ವಾರವೇ ಮೂರೂ ಚಿಲಕ ತೆಗೆದು, ಹಿತ್ತಿಲಲ್ಲಿ ನಿಂತು, ಚರಂಡಿಯನ್ನು ನೋಡಿದರು. ಅವತ್ತು ನೀರು ನೀಲಿಯಾಗಿತ್ತು.

"ಅತ್ತೆ, ಈ ನೀರು ಎಲ್ಲಿಂದ ಬರುತ್ತೆ?" ಎಂದು ನಮ್ಮಮ್ಮನನ್ನು ಕೇಳಿದರು.

ಅಮ್ಮ ಕೈಕೆಲಸ ಬಿಡದೆ, "ಬರುತ್ತಮ್ಮ. ಒಂದಿನ ನೀಲಿ, ಒಂದಿನ ಹಳದಿ. ನಾನು ಈ ಮನೆಗೆ ಬಂದಾಗಿಂದ ಬರ್ತಾನೇ ಇದೆ" ಅಂದಳು. ಅಮ್ಮನ ಮಟ್ಟಿಗೆ ಅದು ಮಳೆ ಬಿಸಿಲಿನ ಹಾಗೆ ಮೇಲಿನಿಂದ ಬಂದದ್ದು, ಕೇಳುವಂಥದ್ದೇನೂ ಅದರಲ್ಲಿರಲಿಲ್ಲ.

ಅತ್ತಿಗೆ ಅಣ್ಣನ ಹಳೆಯ ರಬ್ಬರ್ ಬೂಟು ಹಾಕಿಕೊಂಡು ಚರಂಡಿಯ ದಂಡೆ ಹಿಡಿದು ಮೇಲ್ಮುಖವಾಗಿ ನಡೆದುಕೊಂಡು ಹೋದರು. ಹೊಸ ಸೊಸೆ ಹೀಗೆ ಹೋಗುವುದನ್ನು ಬೀದಿಯ ಕಿಟಕಿಗಳೆಲ್ಲ ನೋಡಿದವು. ಸಂಜೆ ವಾಪಸು ಬಂದಾಗ ಬೂಟು ಕೈಯಲ್ಲಿತ್ತು, ಮುಖ ಬಿಳಿಚಿಕೊಂಡಿತ್ತು. ಚಹಾ ಕೊಟ್ಟರೆ ಕುಡಿಯಲಿಲ್ಲ.

"ಎಲ್ಲಿಂದ ಬರುತ್ತಂತೆ?" ಎಂದು ನಾನು ಕೇಳಿದೆ.

"ನಾನು ಕೈ ತೊಳೆಯೋ ತೊಟ್ಟಿಯಿಂದ" ಅಂದರು.

ಬೆಳಿಗ್ಗೆ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳ ಕೈಯಲ್ಲಿ ಯಾವ ಬಣ್ಣ ಮಾಡಿಸಿ ತೊಟ್ಟಿಗೆ ಚೆಲ್ಲಿಸುತ್ತಿದ್ದರೋ, ಅದೇ ಬಣ್ಣ ಮಧ್ಯಾಹ್ನದ ಹೊತ್ತಿಗೆ ತಮ್ಮದೇ ಅತ್ತೆಮನೆಯ ಹಿಂದೆ ಹರಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮನೆ ಬದಲಾಯಿಸುತ್ತಿದ್ದರು. ನಮ್ಮ ಅತ್ತಿಗೆ ಪಾಠ ಬದಲಾಯಿಸಿದರು.

ಎಲ್ಲ ವಿಭಾಗದ ವಿದ್ಯಾರ್ಥಿಗಳೂ ಪರಿಸರದ ಒಂದು ಪತ್ರಿಕೆ ಓದಲೇಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ನಿಯಮ ಬಂದಿತ್ತು. ಯಾರಿಗೂ ಬೇಡವಾದ ಪತ್ರಿಕೆ. ಲೆಕ್ಕ ಓದುವವನಿಗೆ ಅದು ತಲೆನೋವು, ಸಾಹಿತ್ಯ ಓದುವವಳಿಗೆ ಅದು ನಿದ್ದೆ. ಅತ್ತಿಗೆ ತಾವಾಗಿಯೇ ಕೇಳಿ ಅದನ್ನು ತೆಗೆದುಕೊಂಡರು. ಎಂಟು ಪಾಠ ಬರೆದರು. ಒಂದೊಂದು ಪಾಠವೂ ಆ ಆವರಣದ ಒಂದೊಂದು ನಲ್ಲಿ, ಒಂದೊಂದು ಕಸದ ಬುಟ್ಟಿ, ಒಂದೊಂದು ಕೊಳವೆಯಿಂದ ಶುರುವಾಗಿ ಅದು ಮುಗಿಯುವ ಜಾಗದವರೆಗೆ ಹೋಗುತ್ತಿತ್ತು. ವರ್ಷದ ಕೊನೆಗೆ ಇಡೀ ತರಗತಿ ಪ್ರಯೋಗಾಲಯದಿಂದ ಹೊರಟು ಚರಂಡಿಯ ಗುಂಟ ನಮ್ಮ ಹಿತ್ತಿಲಿನವರೆಗೆ ನಡೆಯಬೇಕು. ಅದಕ್ಕೊಂದು ನಿಯಮ: ಯಾರೂ ಮೂಗು ಮುಚ್ಚಬಾರದು. ಮುಚ್ಚಿದವರು ಅಲ್ಲೇ ನಿಂತು, ಆ ವಾಸನೆಯಲ್ಲಿ ತಮ್ಮ ಪಾಲು ಎಷ್ಟು ಎಂದು ಹೇಳಬೇಕು. ಮೊದಲ ವರ್ಷ ಒಬ್ಬ ಹುಡುಗ ಹೇಳುತ್ತ ಹೇಳುತ್ತ ವಾಂತಿ ಮಾಡಿಕೊಂಡ. ಅದನ್ನೂ ಅತ್ತಿಗೆ ಅವನ ಪಾಲಿಗೇ ಸೇರಿಸಿದರು.

ಇನ್ನೊಂದು ನಿಯಮವಿತ್ತು, ಅದು ಬಾಗಿಲು ಮುಚ್ಚಿ ಹೇಳುವಂಥದ್ದು. ಮೊದಲ ದಿನ ತರಗತಿಯ ಬಾಗಿಲು ಹಾಕಿ ಅತ್ತಿಗೆ ಹೇಳುತ್ತಿದ್ದರು: "ನಾನು ಕೊಡೋ ಪ್ರತಿ ಪಾಠದಲ್ಲೂ ಒಂದು ಸುಳ್ಳಿದೆ. ಯಾವುದು ಅಂತ ಹೇಳಲ್ಲ. ಹೋಗಿ ನೋಡಿದವರಿಗೆ ಸಿಗುತ್ತೆ, ಕೂತು ಓದಿದವರಿಗೆ ಸಿಗಲ್ಲ. ಸಿಕ್ಕವರು ನನಗೆ ಮಾತ್ರ ಹೇಳಿ. ಮುಂದಿನ ವರ್ಷದವರಿಗೆ ಬಾಯಿಬಿಟ್ಟರೆ ಅವರ ಸಂತೋಷ ಕಿತ್ಕೊಂಡ ಹಾಗೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇವರು ಅದಕ್ಕೆ ಅಂಕ ಇಟ್ಟರು, ಅಷ್ಟೇ. ಒಂದನೇ ಪಾಠದಲ್ಲಿ ಕ್ಯಾಂಟೀನಿನ ಎಂಜಲೆಲ್ಲ ಹಿಂದಿನ ಗುಂಡಿಯಲ್ಲಿ ಗೊಬ್ಬರವಾಗುತ್ತದೆ ಎಂದಿತ್ತು. ಹೋಗಿ ನೋಡಿದರೆ ಅಲ್ಲಿ ಗುಂಡಿಯಿಲ್ಲ, ಸೈಕಲ್ ನಿಲ್ಲಿಸುವ ಜಾಗವಿತ್ತು. ಮೂರನೆಯದರಲ್ಲಿ ಗ್ರಂಥಾಲಯದ ಮಾಡಿನ ಮಳೆನೀರು ಬಾವಿಗೆ ಇಳಿಯುತ್ತದೆ ಎಂದಿತ್ತು. ನಿಜಕ್ಕೂ ಆ ಕೊಳವೆ ಅರ್ಧದಲ್ಲೇ ಮುರಿದು ಕಾವಲುಗಾರನ ಕುರ್ಚಿಯ ಮೇಲೆ ಸುರಿಯುತ್ತಿತ್ತು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡ ಸುಳ್ಳು: ಪ್ರಯೋಗಾಲಯದ ನೀರೆಲ್ಲ ವಿದ್ಯಾರ್ಥಿನಿಲಯದ ಹಿಂದಿನ ಶುದ್ಧೀಕರಣ ತೊಟ್ಟಿಗೆ ಹೋಗಿ, ತಿಳಿಯಾಗಿ, ಹೂದೋಟಕ್ಕೆ ಬರುತ್ತದೆ. ತೊಟ್ಟಿ ಇದ್ದದ್ದು ನಿಜ. ಉದ್ಘಾಟನೆಯ ಕಲ್ಲು ಕೂಡ ಇತ್ತು. ಕೊಳವೆ ಮಾತ್ರ ಜೋಡಿಸಿರಲಿಲ್ಲ.

ವಿದ್ಯಾರ್ಥಿಗಳು ಅವರಿಗೆ 'ಚರಂಡಿ ಮೇಡಂ' ಎಂದು ಹೆಸರಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ನಕ್ಕರು. "ಪುಸ್ತಕದ ಮೇಡಂ ಅನ್ನೋದಕ್ಕಿಂತ ವಾಸಿ ಕಣೆ" ಅಂದರು.

ನಡುವೆ ಅಮ್ಮ ಹಾಸಿಗೆ ಹಿಡಿದಳು. ಅವಳ ಕೋಣೆ ಹಿತ್ತಿಲಿನ ಕಡೆಗಿತ್ತು. ಕೊನೆಯ ದಿನಗಳಲ್ಲಿ ಉಸಿರಾಟಕ್ಕೆ ಕಷ್ಟವಾಗಿ, "ಕಿಟಕಿ ತೆಗೀರೇ, ಸ್ವಲ್ಪ ಗಾಳಿ ಬರ್ಲಿ" ಎಂದು ಒಂದೇ ಸಮನೆ ಕೇಳುತ್ತಿದ್ದಳು. ತೆಗೆದರೆ ಬರುತ್ತಿದ್ದದ್ದು ಗಾಳಿಯಲ್ಲ. ಒಂದು ಸಲ ತೆಗೆದೆವು, ಕೆಮ್ಮಿ ಕೆಮ್ಮಿ ನೀಲಿಯಾದಳು. ಮತ್ತೆ ತೆಗೆಯಲಿಲ್ಲ. ಬಡಿಸಿಕೊಂಡು ಉಣ್ಣದ ಸ್ವಭಾವದವಳು, ಜೀವಮಾನದಲ್ಲಿ ತನಗಾಗಿ ಏನನ್ನೂ ಕೇಳಿದವಳಲ್ಲ. ಕೇಳಿದ ಒಂದೇ ಒಂದನ್ನು ನಮಗೆ ಕೊಡಲಾಗಲಿಲ್ಲ. ಕೇಳುತ್ತಲೇ ಹೋದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಅವರಿಬ್ಬರಿಗೂ ಒಂದೇ ಕಾಲ ಇತ್ತು, ಒಂದೇ ವಾಸನೆ ಇತ್ತು. ಅಮ್ಮ ಹೋದ ವಾರ ಅತ್ತಿಗೆ ಏಳನೇ ಪಾಠವನ್ನು ಹರಿದುಹಾಕಿ ಹೊಸದಾಗಿ ಬರೆದರು. ಅದು ನಮ್ಮ ಬೀದಿಯ ಪಾಠ.

ಇನ್ನು ಆ ದೊಡ್ಡ ಮನುಷ್ಯ. ಅವನು ವಿಭಾಗದ ಮುಖ್ಯಸ್ಥನಾಗಿ ಬಂದದ್ದು ಅತ್ತಿಗೆಯ ನಿವೃತ್ತಿಗೆ ಕೆಲವು ವರ್ಷ ಇರುವಾಗ. ಸದಾ ಹಸಿರು ಟೈ ಕಟ್ಟುತ್ತಿದ್ದ. ಅದಕ್ಕೇ ನಾವು ಮನೆಯಲ್ಲಿ ಅವನನ್ನು 'ಹಸಿರು ಟೈ' ಎಂದೇ ಕರೆಯುತ್ತಿದ್ದೆವು. ಮಾತು ಎಂಥದ್ದು ಅಂತೀರಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಒಂದು ದಿನ ಅತ್ತಿಗೆಯನ್ನು ಕರೆದು, "ಮೇಡಂ, ನಿಮ್ಮ ಪಾಠಗಳು ನಮ್ಮ ವಿಭಾಗದ ಆಸ್ತಿ. ಕಚೇರಿಯಲ್ಲಿ ಒಂದು ಪ್ರತಿ ಇರಲಿ" ಅಂದ. ಇವರು ನಂಬಿ ಕೊಟ್ಟರು.

ಮುಂದಿನ ವರ್ಷ ಶುರುವಾಗುವ ಹೊತ್ತಿಗೆ ಎಂಟೂ ಪಾಠ ವಿಡಿಯೊ ಆಗಿದ್ದವು. ಹಿಂದೆ ಹಸಿರು ಪರದೆ, ಮುಂದೆ ಹಸಿರು ಟೈ, ಕೆಳಗೆ ಅವನ ಹೆಸರು. ಅತ್ತಿಗೆಯ ಹೆಸರು ಸೂಜಿಯ ಮೊನೆಯಷ್ಟೂ ಇರಲಿಲ್ಲ. ವಿದ್ಯಾರ್ಥಿಗಳು ಕೂತಲ್ಲೇ ವಿಡಿಯೊ ನೋಡಿ, 'ಸರಿ', 'ತಪ್ಪು' ಒತ್ತಿದರೆ ಪಾಸು. ಚರಂಡಿಯ ನಡಿಗೆ ಸಂಸ್ಥೆಯ ಗೌರವಕ್ಕೆ ಕುಂದು ತರುತ್ತದೆ ಎಂದು ಸುತ್ತೋಲೆ ಹೊರಟಿತು. ಅತ್ತಿಗೆಗೆ ಪರೀಕ್ಷಾ ಕೊಠಡಿಗಳಲ್ಲಿ ಯಾರು ಎಲ್ಲಿ ಕೂರಬೇಕೆಂದು ಚೀಟಿ ಅಂಟಿಸುವ ಕೆಲಸ ಸಿಕ್ಕಿತು. ಇಷ್ಟು ವರ್ಷ ಜನರನ್ನು ಕುರ್ಚಿಯಿಂದ ಎಬ್ಬಿಸಿದವರಿಗೆ ಕೂರಿಸುವ ಕೆಲಸ!

ಆ ಸುದ್ದಿ ಕೇಳಿದ ದಿನ ನಾನು ಹೊಲಿಯುತ್ತಿದ್ದ ಬಟ್ಟೆಯನ್ನು ಹರಿದೇಬಿಟ್ಟೆ. ಗಿರಾಕಿಯ ಬಟ್ಟೆ ಅನ್ನುವುದು ಆಮೇಲೆ ನೆನಪಾಯಿತು.

"ಹೋಗಿ ಅವನ ಮುಖಕ್ಕೆ ಉಗೀರಿ ಅತ್ತಿಗೆ. ಇಲ್ಲಾಂದ್ರೆ ನಾನು ಹೋಗ್ತೀನಿ" ಅಂದೆ.

ಅಣ್ಣ, "ತಾಳಿದವನು ಬಾಳಿಯಾನು" ಎಂದು ಶುರುಮಾಡಿದ.

"ತಾಳಿ ತಾಳಿಯೇ ಅಮ್ಮ ಹೋದದ್ದು, ಸುಮ್ನಿರೋ" ಅಂದೆ.

ಅತ್ತಿಗೆ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸಿ ವಿಡಿಯೊ ನೋಡುತ್ತ ಕೂತಿದ್ದರು. ಮೊದಲನೆಯದು ಮುಗಿಯಿತು, ಎರಡು, ಮೂರು. ನಾಲ್ಕನೆಯದರಲ್ಲಿ ಹಸಿರು ಟೈ ಕೈ ಬೀಸಿ, "ಹೀಗೆ ನಮ್ಮ ಪ್ರಯೋಗಾಲಯದ ಪ್ರತಿಯೊಂದು ಹನಿ ನೀರೂ ಶುದ್ಧೀಕರಣ ತೊಟ್ಟಿಯಲ್ಲಿ ತಿಳಿಯಾಗಿ ಹೂದೋಟಕ್ಕೆ ಮರಳುತ್ತದೆ" ಅಂದ. ಅತ್ತಿಗೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದರೆ ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಸುಳ್ಳುಗಳ ಸಮೇತ ಕದ್ದಿದ್ದಾನೆ ಕಣೆ" ಅಂದರು. "ಒಂದನ್ನೂ ಬಿಟ್ಟಿಲ್ಲ. ಎದ್ದು ಹೋಗಿ ನೋಡಿದ್ದಿದ್ರೆ ಗೊತ್ತಾಗ್ತಿತ್ತು. ಆ ತೊಟ್ಟಿ ಅವನ ಕೋಣೆ ಕಿಟಕಿಯಿಂದ ಕಾಣುತ್ತೆ."

ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ತಿದ್ದಿಕೊಳ್ಳುತ್ತಿದ್ದ. ಅತ್ತಿಗೆ ಹೇಳಲಿಲ್ಲ. ಅವರ ಮುಖದಲ್ಲಿ ಅವತ್ತು ನಾನು ಕಂಡದ್ದನ್ನು ಮೊದಲು ಯಾವತ್ತೂ ಕಂಡಿರಲಿಲ್ಲ, ಮತ್ತು ಅದು ನನಗೆ ಬಹಳ ಇಷ್ಟವಾಯಿತು. ಸೇಡು ನನಗೆ ಗೊತ್ತಿದ್ದ ವಿದ್ಯೆ. ಆದರೆ ನನ್ನದು ಒಗ್ಗರಣೆಯ ಹಾಗೆ ಚಟಪಟ ಎಂದು ಆರುವಂಥದ್ದು. ಅವರದ್ದು ಬೂದಿ ಮುಚ್ಚಿದ ಕೆಂಡ.

"ಈಗೇನು ಮಾಡ್ತೀರಿ?"

"ಏನೂ ಮಾಡಲ್ಲ. ಯಾರಾದ್ರೂ ಒಬ್ಬರು ಹೋಗಿ ನೋಡೇ ನೋಡ್ತಾರೆ. ಅವತ್ತು ಅವನಿಗಿದೆ."

ನಾವು ಕಾದೆವು. ಯಾರೂ ಹೋಗಿ ನೋಡಲಿಲ್ಲ. ಒಂದು ವರ್ಷದ ವಿದ್ಯಾರ್ಥಿಗಳು ವಿಡಿಯೊ ನೋಡಿ, 'ಶುದ್ಧೀಕರಣ ತೊಟ್ಟಿಯ ನೀರು ಹೂದೋಟಕ್ಕೆ ಹೋಗುತ್ತದೆ' ಎಂಬುದರ ಮುಂದೆ 'ಸರಿ' ಒತ್ತಿ ಪಾಸಾದರು. ಮರುವರ್ಷದವರೂ ಒತ್ತಿದರು. ವಿದ್ಯಾರ್ಥಿನಿಲಯದವರು ಆ ತೊಟ್ಟಿಯ ಮುಚ್ಚಳದ ಮೇಲೇ ಕೂತು ಹರಟೆ ಹೊಡೆಯುತ್ತ ಒತ್ತಿದರು. ಹಳೆಯ ವಿದ್ಯಾರ್ಥಿಗಳು ಬಾಯಿ ಬಿಡುವಂತಿರಲಿಲ್ಲ, ಮೇಡಂಗೆ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಪರಿಸರವನ್ನು ಚೆನ್ನಾಗಿ ಕಲಿಸುವ ವಿಶ್ವವಿದ್ಯಾಲಯಕ್ಕೆ ಬಹುಮಾನ ಕೊಡುವ ದೊಡ್ಡ ಸಂಸ್ಥೆಯೊಂದು ಆ ಎಂಟು ಪಾಠಗಳನ್ನು ಓದಿ ಮೆಚ್ಚಿ, ಹಸಿರು ಟೈಗೆ ಬಹುಮಾನ ಎಂದು ಘೋಷಿಸಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅವರೂ ಬಂದು ನೋಡಿರಲಿಲ್ಲ.

ಆ ಸುದ್ದಿ ಬಂದ ಸಂಜೆ ಅತ್ತಿಗೆ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತರು. ಕಳೆದುಹೋದವರ ಹಾಗಿದ್ದರು.

"ಅವನು ಕದ್ದದ್ದಕ್ಕೆ ನನಗೆ ಇಷ್ಟು ಹೊಟ್ಟೆ ಉರಿದಿರ್ಲಿಲ್ಲ" ಅಂದರು. "ಯಾರೂ ಎದ್ದು ಹೋಗಿ ನೋಡ್ಲಿಲ್ವಲ್ಲೇ. ಒಬ್ಬರೂ ನೋಡ್ಲಿಲ್ಲ. ಈ ತಿಂಗಳ ಕೊನೆಗೆ ನಾನು ಹೊರಗೆ ಬಂದ್ಬಿಡ್ತೀನಿ. ಆಮೇಲೆ ನನ್ನ ಸುಳ್ಳೇ ಅಲ್ಲಿ ಸತ್ಯ ಆಗಿ ಉಳಿಯುತ್ತೆ. ಅತ್ತೆ ಹೋದದ್ದೂ ಸುಳ್ಳಾಗುತ್ತೆ."

ನಾನು ಕತ್ತರಿ ಕೆಳಗಿಟ್ಟು ಹೇಳಿದೆ: "ಅವರು ಹೋಗಲ್ಲ ಅಂದ್ರೆ ನೀವೇ ಕರ್ಕೊಂಡು ಹೋಗಿ. ನೀವು ಮೇಷ್ಟ್ರು ತಾನೇ?"

ಬಹುಮಾನದ ಸಮಾರಂಭ ಮತ್ತು ಅತ್ತಿಗೆಯ ಬೀಳ್ಕೊಡುಗೆ ಒಂದೇ ದಿನ ಬಿತ್ತು. ಹಸಿರು ಟೈ ಬೇಕೆಂದೇ ಹಾಗೆ ಮಾಡಿಸಿದ್ದ. ಹಳಬರನ್ನು ಎಷ್ಟು ಗೌರವಿಸುತ್ತಾನೆ ಎಂದು ಎಲ್ಲರೂ ನೋಡಬೇಕಲ್ಲ. ಮನೆಯವರಿಗೂ ಆಹ್ವಾನವಿತ್ತು. ನಾನು ಮುಂದಿನ ಸಾಲಿನಲ್ಲೇ ಕೂತೆ. ವೇದಿಕೆಯ ಮೇಲೆ ಕುಲಪತಿಗಳು, ಹಸಿರು ಟೈ, ಮತ್ತು ಬಹುಮಾನ ಕೊಡುವ ಸಂಸ್ಥೆಯ ಅಧ್ಯಕ್ಷೆ. ಆಕೆ ಊರುಗೋಲಿನ ಮುದುಕಿ, ಆದರೆ ಕಣ್ಣು ಚುರುಕು. ಹಸಿರು ಟೈ ತನ್ನ ಪಾಠಗಳ ಬಗ್ಗೆ ಮಾತಾಡಿ ಮಾತಾಡಿ ಕೊನೆಗೆ, "ನಮ್ಮ ಮೇಡಂ ಕೂಡ ಮೊದಲೆಲ್ಲ ಸ್ವಲ್ಪ ಸಹಾಯ ಮಾಡಿದ್ದರು" ಅಂದ. ಸ್ವಲ್ಪ! ನನ್ನ ಕೈಗೆ ಅವತ್ತು ಕತ್ತರಿ ಸಿಕ್ಕಿದ್ದರೆ ಆ ಟೈ ಅರ್ಧವಾಗುತ್ತಿತ್ತು.

ಅತ್ತಿಗೆಗೆ ಹೂಗುಚ್ಛ ಕೊಟ್ಟು, ಎರಡು ಮಾತಾಡಲು ಹೇಳಿದರು.

"ಮಾತೇನೂ ಇಲ್ಲ" ಅಂದರು ಅತ್ತಿಗೆ. "ಹೋಗೋ ಮುಂಚೆ ಒಂದು ಆಸೆ ಇದೆ. ಮುಖ್ಯಸ್ಥರು ನಾಲ್ಕನೇ ಪಾಠದಲ್ಲಿ ಹೇಳಿದಾರಲ್ಲ, ಆ ಶುದ್ಧೀಕರಣ ತೊಟ್ಟಿ. ಅದನ್ನ ಎಲ್ಲರೂ ಸೇರಿ ಒಂದ್ಸಲ ನೋಡ್ಕೊಂಡು ಬರೋಣ ಅಂತ. ಇಲ್ಲೇ ಇದೆ, ಹತ್ತು ನಿಮಿಷದ ದಾರಿ."

ಹಸಿರು ಟೈ ನಗುತ್ತ, "ಅಯ್ಯೋ ಮೇಡಂ, ಊಟಕ್ಕೆ ತಡ ಆಗುತ್ತೆ, ಅಮ್ಮನವರಿಗೆ ನಡೆಯೋದು ಕಷ್ಟ" ಅಂದ.

ಮುದುಕಿ ಊರುಗೋಲು ಊರಿ ಎದ್ದೇಬಿಟ್ಟರು. "ಕಾಲು ನೋಯೋದು ನನ್ನದು, ನಿಮಗ್ಯಾಕೆ ಚಿಂತೆ? ನಡೀರಿ" ಅಂದರು.

ಹೋದೆವು. ಕುಲಪತಿಗಳು, ಅಧ್ಯಾಪಕರು, ವಿದ್ಯಾರ್ಥಿಗಳ ದೊಡ್ಡ ಗುಂಪು, ಹಿಂದೆ ಅಣ್ಣ ಮತ್ತು ನಾನು. ಅತ್ತಿಗೆ ಮುಂದೆ ಮುಂದೆ ನಡೆಯುತ್ತ, ಹಳೆಯ ಅಭ್ಯಾಸದಂತೆ ತಿರುಗಿ, "ಯಾರೂ ಮೂಗು ಮುಚ್ಚಬಾರದು" ಅಂದರು. ವಿದ್ಯಾರ್ಥಿನಿಲಯದ ಹಿಂದೆ ತೊಟ್ಟಿಯ ಮುಚ್ಚಳದ ಮೇಲೆ ಯಾರೋ ಒಣಗಲು ಹಾಕಿದ ಟವೆಲು ಇತ್ತು. ಅದನ್ನು ತೆಗೆದು, ನಾಲ್ಕು ಜನ ಸೇರಿ ಮುಚ್ಚಳ ಎತ್ತಿದರು.

ಒಳಗೆ ಒಂದು ಹನಿ ನೀರಿರಲಿಲ್ಲ. ಧೂಳು, ಜೇಡರ ಬಲೆ, ಎರಡು ಮುರಿದ ಕುರ್ಚಿ. ಅದರ ಹಿಂದೆಯೇ, ಕೈಗೆ ಎಟುಕುವಷ್ಟು ದೂರದಲ್ಲಿ, ಪ್ರಯೋಗಾಲಯದ ಕೊಳವೆ ಬಾಯ್ದೆರೆದುಕೊಂಡು ಚರಂಡಿಗೆ ಹಳದಿ ನೀರು ಸುರಿಯುತ್ತಿತ್ತು. ಅಲ್ಲಿ ವಾಸನೆ ಹೇಗಿತ್ತು ಅಂದರೆ ಕುಲಪತಿಗಳ ಕೈ ಅರ್ಧ ಮೇಲಕ್ಕೆ ಹೋಗಿ, ಅತ್ತಿಗೆಯ ಮುಖ ನೋಡಿ, ಕೆಳಗಿಳಿಯಿತು. ಹಸಿರು ಟೈ ಮಾತ್ರ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ.

ಮುದುಕಿ ತೊಟ್ಟಿಯೊಳಗೆ ಬಗ್ಗಿ ನೋಡಿದರು. ಆಮೇಲೆ ವಿದ್ಯಾರ್ಥಿಗಳ ಕಡೆ ತಿರುಗಿ ಕೇಳಿದರು: "ಈ ತೊಟ್ಟಿ ನೀರು ಹೂದೋಟಕ್ಕೆ ಹೋಗುತ್ತೆ ಅಂತ ನೀವೆಲ್ಲ ಓದಿದೀರಾ?"

"ಹೌದು. 'ಸರಿ' ಅಂತ ಒತ್ತಿದೀವಿ" ಎಂದಳು ಒಬ್ಬ ಹುಡುಗಿ.

ಹಸಿರು ಟೈ ಕರವಸ್ತ್ರದೊಳಗಿಂದಲೇ, "ಕೆಲಸದವರ ಬೇಜವಾಬ್ದಾರಿ. ನಾಳೆಯೇ ವಿಚಾರಣೆ ಮಾಡಿಸ್ತೀನಿ. ಪಾಠದಲ್ಲಿ ಏನೂ ತಪ್ಪಿಲ್ಲ" ಅಂದ.

"ತಪ್ಪಲ್ಲ ಸಾರ್, ಸುಳ್ಳು" ಅಂದರು ಅತ್ತಿಗೆ. ದನಿ ಎತ್ತರಿಸಲಿಲ್ಲ. "ಅದನ್ನ ಬರೆದೋಳು ನಾನು. ಬೇಕೂಂತಲೇ ಬರೆದೆ. ಪ್ರತಿ ಪಾಠದಲ್ಲೂ ಒಂದೊಂದು ಸುಳ್ಳಿದೆ, ವಿದ್ಯಾರ್ಥಿಗಳು ಎದ್ದು ಹೋಗಿ ನೋಡ್ಲಿ ಅಂತ. ಈ ಪಾಠಗಳನ್ನ ನೀವು ಬರೆದದ್ದಾದ್ರೆ, ಉಳಿದ ಏಳು ಸುಳ್ಳು ಯಾವುದು, ಇವರಿಗೆ ಹೇಳಿಬಿಡಿ."

'ನನ್ನದಲ್ಲ, ಮೇಡಂ ಬರೆದದ್ದು' ಎಂದು ಒಂದು ಮಾತು ಆಡಿದ್ದರೆ ಅವನು ಅವತ್ತೇ ಬಚಾವಾಗುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅದು. ಟೈ ಸರಿಮಾಡಿಕೊಂಡು, "ಗೊತ್ತು. ಗೊತ್ತಿಲ್ಲ ಅಂತಲ್ಲ. ಎಲ್ಲ ಈಗ ನೆನಪಿಗೆ ಬರ್ತಿಲ್ಲ" ಅಂದ.

ಮುದುಕಿ ತಲೆಯಾಡಿಸಿದರು. "ಆಗುತ್ತೆ, ವಯಸ್ಸಾದ ಮೇಲೆ ನನಗೂ ಮರೆವು. ಒಂದು ಕೆಲಸ ಮಾಡಿ. ಏಳನ್ನೂ ನೆನಪು ಮಾಡ್ಕೊಂಡು, ಪ್ರತಿ ಜಾಗಕ್ಕೂ ನೀವೇ ಹೋಗಿ ನೋಡಿ, ತಿದ್ದಿ ಕಳಿಸಿ. ಅಲ್ಲೀವರೆಗೂ ಬಹುಮಾನ ನಮ್ಮ ಹತ್ರಾನೇ ಇರುತ್ತೆ."

"ಮತ್ತೆ ಅಲ್ಲೀವರೆಗೂ ಆ ವಿಡಿಯೊ ಯಾರಿಗೂ ತೋರಿಸಬೇಡಿ" ಅಂದರು ಕುಲಪತಿಗಳು. ಅವರಿಗೂ ಎಲ್ಲಾದರೂ ಕೋಪ ತೋರಿಸಬೇಕಿತ್ತು.

ಅತ್ತಿಗೆ ಅವನ ಕರವಸ್ತ್ರದ ಕಡೆ ಬೆರಳು ತೋರಿಸಿ, "ಮೂಗು ಮುಚ್ಚಿದವರು ತಮ್ಮ ಪಾಲು ಹೇಳಬೇಕು ಸಾರ್. ಇರ್ಲಿ, ಹೇಳಿದ ಹಾಗೇ ಆಯ್ತು" ಅಂದರು. ವಿದ್ಯಾರ್ಥಿಗಳ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಅವತ್ತು ಊಟವೇ ಬೇಡವಾಯಿತು, ಹೊಟ್ಟೆ ಅಷ್ಟು ತಂಪಾಗಿತ್ತು.

ಪರಿಸರದ ಪತ್ರಿಕೆಯನ್ನು ಈಗ ಅತ್ತಿಗೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತೆಗೆದುಕೊಂಡಿದ್ದಾಳೆ. ಸುಳ್ಳುಗಳನ್ನು ಹೊಸದಾಗಿ ಬರೆದಿದ್ದಾಳೆ. ನಡಿಗೆ ಮತ್ತೆ ಶುರುವಾಗಿದೆ. ತೊಟ್ಟಿಗೆ ಕೊಳವೆ ಜೋಡಿಸಲು ಮಣ್ಣು ಅಗೆದಿದ್ದಾರೆ. ಕೊಳವೆ ಇನ್ನೂ ಬಂದಿಲ್ಲ. ಹಸಿರು ಟೈ ಮುಖ್ಯಸ್ಥನಾಗಿಯೇ ಇದ್ದಾನೆ. ಅಂಥವರು ಬೆಂಡಿನ ಹಾಗೆ, ಮುಳುಗುವುದಿಲ್ಲ. ಆದರೆ ಬಹುಮಾನದ ಆಸೆ ಬಿಡುವವನಲ್ಲವಾದ್ದರಿಂದ ನಡೆಯತೊಡಗಿದ. ಕ್ಯಾಂಟೀನಿನ ಹಿಂದೆ ಅವನು ಗೊಬ್ಬರದ ಗುಂಡಿ ಹುಡುಕುತ್ತಿದ್ದದ್ದನ್ನು ಸೈಕಲ್ ನಿಲ್ಲಿಸಲು ಬಂದವರೆಲ್ಲ ನೋಡಿದರು. ಗ್ರಂಥಾಲಯದ ಕೊಳವೆಯ ಕೆಳಗೆ ನಿಂತು ನೆನೆದ. ಹಳೆಯ ವಿದ್ಯಾರ್ಥಿಗಳನ್ನು ಕೇಳಿದ. ಒಬ್ಬರೂ ಬಾಯಿ ಬಿಡಲಿಲ್ಲ. ಹೇಗೋ ಆರು ಸುಳ್ಳು ಹಿಡಿದ. ಏಳನೆಯದು ಉಳಿಯಿತು, ನಮ್ಮ ಬೀದಿಯ ಪಾಠದ್ದು.

ನಮ್ಮ ಹಿತ್ತಿಲಿನಾಚೆ ದಂಡೆಯ ಮೇಲೆ ಪ್ಯಾಂಟು ಮಡಚಿಕೊಂಡು, ಕೈಯಲ್ಲಿ ಆ ಪಾಠ ಹಿಡಿದು ಅವನು ಅತ್ತಿತ್ತ ಓಡಾಡುವುದನ್ನು ನಾನು ಕಿಟಕಿಯ ಗಾಜಿನ ಮೂಲಕ ನೋಡುತ್ತಿದ್ದೆ. ಒಂದು ವಾರ ನೋಡಿದೆ. ಎಂಥ ನಾಟಕವೂ ನನಗೆ ಅಷ್ಟು ಸುಖ ಕೊಟ್ಟಿಲ್ಲ. ಕೊನೆಗೆ ಒಂದು ಮಧ್ಯಾಹ್ನ ನಮ್ಮ ಹಿಂಬಾಗಿಲು ಬಡಿದ ಸದ್ದಾಯಿತು. ನನಗೆ ತಿಳಿದಂತೆ ಆ ಬಾಗಿಲನ್ನು ಹೊರಗಿನಿಂದ ಯಾರೂ ಬಡಿದಿರಲಿಲ್ಲ. ಬಟ್ಟೆಚೂರು ಕಿತ್ತು, ಮೂರೂ ಚಿಲಕ ತೆಗೆದೆ.

ಬೆವರು ಇಳಿಯುತ್ತಿತ್ತು. ಟೈ ಇರಲಿಲ್ಲ. ನನ್ನ ಹಿಂದೆ ನಿಂತಿದ್ದ ಅತ್ತಿಗೆಯನ್ನು ನೋಡಿ, "ಮೇಡಂ, ಸೋತೆ. ಏಳನೆಯದು ಯಾವುದು ಹೇಳಿಬಿಡಿ" ಅಂದ.

"ನಿಮಗೆ ಯಾವುದು ಅನ್ಸುತ್ತೆ?" ಎಂದು ಕೇಳಿದರು ಅತ್ತಿಗೆ, ತರಗತಿಯಲ್ಲಿ ಕೇಳುವ ಹಾಗೆಯೇ.

ಅವನು ಹಾಳೆ ತಿರುಗಿಸಿದ. "ನೀರಿನ ಬಣ್ಣ ಸರಿ ಇದೆ. ಮನೆಗಳ ಹಿಂಬಾಗಿಲು ಮುಚ್ಚಿರೋದು ಸರಿ ಇದೆ. ನನಗೆ ಅನುಮಾನ ಇರೋದು ಈ ಕೊನೆ ಸಾಲಿನ ಮೇಲೆ." ವಿಡಿಯೊದಲ್ಲಿ ಓದಿದ್ದ ಅದೇ ನಯವಾದ ದನಿಯಲ್ಲಿ ಓದಿದ: "'ಈ ಚರಂಡಿಯ ಪಕ್ಕದ ಮನೆಯೊಂದರಲ್ಲಿ ಒಬ್ಬ ಮುದುಕಿ ಕಿಟಕಿ ತೆಗೆಯಿರಿ ಎಂದು ಕೇಳುತ್ತ ತೀರಿಕೊಂಡಳು, ಮನೆಯವರು ತೆಗೆಯಲಿಲ್ಲ.' ಇದು... ಇದು ಓದೋರ ಕಣ್ಣಲ್ಲಿ ನೀರು ಬರಿಸೋಕೆ ಕಟ್ಟಿದ್ದು ಅಲ್ವಾ ಮೇಡಂ? ಇದೇ ತಾನೇ ಸುಳ್ಳು?"

ನನ್ನ ಕೈ ಚಿಲಕದ ಮೇಲಿತ್ತು. ಕಬ್ಬಿಣ ಬೆರಳಿಗೆ ಒತ್ತಿ ಗುರುತು ಬೀಳುವಷ್ಟು ಬಿಗಿಯಾಗಿ ಹಿಡಿದಿದ್ದೆ. ಅವನು ನಿಂತಿದ್ದದ್ದು ಅಮ್ಮನ ಕಿಟಕಿಯ ಕೆಳಗೇ. ತಲೆ ಎತ್ತಿದ್ದರೆ ಕಾಣುತ್ತಿತ್ತು.

ಏಳನೇ ಪಾಠದಲ್ಲಿ ಸುಳ್ಳಿಲ್ಲ. ಅದನ್ನು ಬರೆದ ವಾರ ಅತ್ತಿಗೆಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಪ್ರತಿ ವರ್ಷವೂ ಯಾರಾದರೂ ಒಬ್ಬರು ನಡಿಗೆಯ ಕೊನೆಗೆ ನಮ್ಮ ಹಿತ್ತಿಲಲ್ಲಿ ನಿಂತು, ಆ ಕಿಟಕಿಯನ್ನು ನೋಡಿ, "ಮೇಡಂ, ಇದರಲ್ಲಿ ಸುಳ್ಳೇ ಇಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದರು. ಅವರಿಗೆ ಪೂರ್ತಿ ಅಂಕ. ಇವನೂ ಅಷ್ಟು ಹೇಳಿದ್ದರೆ ಸಾಕಿತ್ತು, ಬಹುಮಾನ ಅವನ ಕೈಗೆ ಬರುತ್ತಿತ್ತು.

ಅತ್ತಿಗೆ ನನ್ನನ್ನು ದಾಟಿ ಹೊಸ್ತಿಲಿಗೆ ಬಂದರು.

"ಅಲ್ಲ" ಅಂದರು. "ಇನ್ನೊಂದ್ಸಲ ಹೋಗಿ ನೋಡಿ ಬನ್ನಿ."

ಅವನು ಹಾಳೆ ಮಡಚಿಕೊಂಡು, ಕರವಸ್ತ್ರ ಮೂಗಿಗೆ ಒತ್ತಿಕೊಂಡು, ಮತ್ತೆ ದಂಡೆಗೆ ಇಳಿದ. ನಾನು ಬಾಗಿಲು ಹಾಕಲಿಲ್ಲ. ವಾಸನೆ ಬಂದರೆ ಬರಲಿ ಎಂದು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಇವತ್ತಿಗೂ ಅವನು ಹುಡುಕುತ್ತಿದ್ದಾನೆ.